ವರದಿ ಬೇಡ ಎನ್ನುವವರಿಗೆ

ಹದಿನೆಂಟು ತುಂಬದ ಹುಡುಗನೊಬ್ಬ ಕಳವಿನ ಕೇಸಿನಲ್ಲೋ ಹೊಡೆದಾಟದಲ್ಲೋ ಸಿಕ್ಕಿಬಿದ್ದರೆ, ಅವನ ವಿಚಾರದಲ್ಲಿ ಕೊನೆಯ ಆದೇಶ ಬರೆಯುವ ಮುಂಚೆ ಬಾಲನ್ಯಾಯ ಮಂಡಳಿಯ ಮೇಜಿನ ಮೇಲೆ ಒಂದು ವರದಿ ಇರಬೇಕು. ಅವನು ಯಾರ ಮಗ, ರಾತ್ರಿ ಎಲ್ಲಿ ಮಲಗುತ್ತಾನೆ, ಶಾಲೆ ಯಾವಾಗ ಬಿಟ್ಟ, ಏಕೆ ಬಿಟ್ಟ, ಯಾರ ಜೊತೆ ತಿರುಗುತ್ತಾನೆ, ಅವನನ್ನು ದುಡಿಸಿಕೊಳ್ಳುವ ದೊಡ್ಡವರು ಯಾರಾದರೂ ಇದ್ದಾರೆಯೇ ಎಂಬುದೆಲ್ಲ ಅದರಲ್ಲಿ ಬರಬೇಕು. ಇದಕ್ಕೆ ಸಾಮಾಜಿಕ ತನಿಖಾ ವರದಿ ಎಂದು ಹೆಸರು. ಬರೆಯಬೇಕಾದವರು ಪರಿವೀಕ್ಷಣಾಧಿಕಾರಿ, ಅವರಿಲ್ಲದ ಕಡೆ ಮಕ್ಕಳ ಕಲ್ಯಾಣಾಧಿಕಾರಿ ಅಥವಾ ಸಮಾಜ ಕಾರ್ಯಕರ್ತರು. ಹುಡುಗನನ್ನು ಮಂಡಳಿಯ ಮುಂದೆ ಮೊದಲು ಹಾಜರುಪಡಿಸಿದ ದಿನದಿಂದ ಹದಿನೈದು ದಿನದೊಳಗೆ ವರದಿ ಸಲ್ಲಬೇಕೆಂದು 2015ರ ಬಾಲನ್ಯಾಯ ಕಾಯ್ದೆಯ 8ನೆಯ ಕಲಂ ಹೇಳುತ್ತದೆ. ಆದೇಶ ಬರೆಯುವಾಗ ಈ ವರದಿಯಲ್ಲಿ ಕಂಡುಬಂದ ಸಂಗತಿಗಳನ್ನು ಆಧಾರವಾಗಿ ಇಟ್ಟುಕೊಳ್ಳಬೇಕೆಂದು 18ನೆಯ ಕಲಂ ಹೇಳುತ್ತದೆ.

ಕಾನೂನು ಇಷ್ಟು ಸ್ಪಷ್ಟವಾಗಿದ್ದರೂ ಈ ವರದಿಯೇ ದಂಡ ಎನ್ನುವವರು ಕಡಿಮೆ ಇಲ್ಲ. ಗೋವಾದಲ್ಲಿ, ಅದರಲ್ಲೂ ವಾಸ್ಕೋ, ಜುವಾರಿನಗರ, ಮಡಗಾಂವ್ ಕಡೆಯ ಕನ್ನಡ ಕುಟುಂಬಗಳ ಮಕ್ಕಳ ಮಾತು ಬಂದಾಗ ಈ ದನಿ ಇನ್ನೂ ಏರುತ್ತದೆ. 2011ರ ಜನಗಣತಿಯ ಪ್ರಕಾರ ಗೋವಾದ ನೂರು ಜನರಲ್ಲಿ ನಾಲ್ಕೂವರೆಗಿಂತ ಹೆಚ್ಚು ಮಂದಿಯ ಮಾತೃಭಾಷೆ ಕನ್ನಡ. ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳ, ಹಾವೇರಿಗಳಿಂದ ಘಟ್ಟ ಇಳಿದು ಬಂದು ಕಟ್ಟಡ ಕಟ್ಟಿದವರು, ರಸ್ತೆ ಹಾಕಿದವರು, ಬಂದರಿನಲ್ಲಿ ಹೊರೆ ಹೊತ್ತವರು, ಕಲಂಗುಟ್ ದಂಡೆಯಲ್ಲಿ ಮಣಿಸರ ಮಾರುವವರು ಇವರು. ಇವರ ಮಕ್ಕಳ ಬಗ್ಗೆ ಬರೆಯುವ ವರದಿಯ ವಿರುದ್ಧ ಎದ್ದಿರುವ ಒಂದೊಂದು ಮಾತಿಗೂ ಇಲ್ಲಿ ಉತ್ತರ ಕೊಡುತ್ತೇನೆ.

ಮೊದಲನೆಯ ಮಾತು: ಇದು ತಪ್ಪು ಮಾಡಿದವನಿಗೆ ನೆಪ ಹುಡುಕಿಕೊಡುವ ಕಾಗದ.

ಅಲ್ಲ. ತಪ್ಪು ಮಾಡಿದನೋ ಇಲ್ಲವೋ ಎಂಬುದನ್ನು ಸಾಕ್ಷ್ಯ ನಿರ್ಧರಿಸುತ್ತದೆ. ವರದಿಗೆ ಅಲ್ಲಿ ಕೆಲಸವಿಲ್ಲ. ತಪ್ಪು ಸಾಬೀತಾದ ಮೇಲೆ ಮಂಡಳಿಯ ಮುಂದೆ ಹಲವು ದಾರಿಗಳಿವೆ: ಬುದ್ಧಿ ಹೇಳಿ ಮನೆಗೆ ಕಳಿಸುವುದು, ಗುಂಪು ಸಮಾಲೋಚನೆ, ಸಮುದಾಯ ಸೇವೆ, ದಂಡ, ಸನ್ನಡತೆಯ ಮೇಲೆ ಪರಿವೀಕ್ಷಣೆ, ಕೊನೆಗೆ ಗರಿಷ್ಠ ಮೂರು ವರ್ಷ ವಿಶೇಷ ಗೃಹ. ಇವುಗಳಲ್ಲಿ ಯಾವುದು ಈ ಹುಡುಗನಿಗೆ ತಾಗುತ್ತದೆ ಎಂದು ತಿಳಿಯುವುದು ಹೇಗೆ? ಎಫ್‌ಐಆರ್‌ನಲ್ಲಿ ಅದು ಬರೆದಿರುವುದಿಲ್ಲ. ಮಂಡಳಿಯಲ್ಲಿ ಕುಳಿತ ದಂಡಾಧಿಕಾರಿ ಮತ್ತು ಇಬ್ಬರು ಸದಸ್ಯರು ಹುಡುಗನನ್ನು ನೋಡುವುದು ಒಂದು ಕೋಣೆಯಲ್ಲಿ, ತಲೆ ತಗ್ಗಿಸಿ ನಿಂತಾಗ. ಅವನ ಮನೆ, ಓಣಿ, ಸ್ನೇಹಿತರು ಆ ಕೋಣೆಗೆ ಬರುವುದು ವರದಿಯ ಮೂಲಕ ಮಾತ್ರ. ವರದಿ ಹುಡುಗನ ಪರವಾಗಿಯೇ ಇರಬೇಕೆಂದು ಕಾಯ್ದೆ ಎಲ್ಲಿಯೂ ಹೇಳಿಲ್ಲ. ಪದೇ ಪದೇ ಹೊಡೆದಾಟಕ್ಕೆ ಇಳಿಯುವವನನ್ನು ಅದೇ ಓಣಿಗೆ ಮರಳಿ ಬಿಡುವುದು ಅಪಾಯ ಎಂದು ಕಂಡರೆ ಅದನ್ನೂ ಬರೆಯಬೇಕು.

ಎರಡನೆಯ ಮಾತು ಹೆಚ್ಚು ಹರಿತ: ಬಡವರ ಮಕ್ಕಳೆಲ್ಲ ಕಳವು ಮಾಡುತ್ತಾರೆಯೇ? ಅದೇ ಓಣಿಯ ನೂರು ಹುಡುಗರು ಹಾಲಿನ ಪ್ಯಾಕೆಟ್ ಹಾಕಿ, ಪೇಪರ್ ಹಾಕಿ ಓದುತ್ತಿಲ್ಲವೇ? ಬಡತನ ಕಾರಣ ಎಂದು ಬರೆದರೆ ಆ ನೂರು ಮಕ್ಕಳಿಗೆ ಅವಮಾನ.

ಈ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಇದು ಒಳ್ಳೆಯ ವರದಿ ಬೇಕೆನ್ನುವವರ ವಾದವೇ ಹೊರತು ವರದಿಯೇ ಬೇಡ ಎನ್ನುವವರದಲ್ಲ. ಬಡತನ ಎಂದು ಒಂದು ಪದ ಗೀಚಿ ಮುಂದಿನ ಅಂಕಣಕ್ಕೆ ಹೋಗುವವರು ಏನನ್ನೂ ತನಿಖೆ ಮಾಡಿಲ್ಲ. ಆ ನೂರು ಹುಡುಗರಿಗೆ ಇಲ್ಲದ್ದು ಈ ಒಬ್ಬನಿಗೆ ಏನಿತ್ತು, ಅವರಿಗೆ ಇದ್ದದ್ದು ಇವನಿಗೆ ಏನಿರಲಿಲ್ಲ ಎಂದು ಹುಡುಕುವುದೇ ತನಿಖೆ. ವಾದಕ್ಕೆಂದು ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಇದು ಯಾವೊಬ್ಬ ಹುಡುಗನ ಕತೆಯೂ ಅಲ್ಲ. ಜುವಾರಿನಗರದ ಬಾಡಿಗೆ ಖೋಲಿ. ಅಪ್ಪ ಸೆಂಟ್ರಿಂಗ್ ಕೆಲಸದವ, ಅವ್ವ ನಾಲ್ಕು ಫ್ಲ್ಯಾಟುಗಳಲ್ಲಿ ಕಸ ಮುಸುರೆ ಮಾಡುವವಳು. ಹದಿನಾರರ ಮಗ ಕಟ್ಟಡದ ಸೈಟಿನಿಂದ ತಾಮ್ರದ ವೈರು ಕದ್ದ ಎಂಬ ಆರೋಪ. ಸೋಮಾರಿ ವರದಿ ಹೀಗಿರುತ್ತದೆ: ತಂದೆ ಕೂಲಿ, ತಾಯಿ ಕೂಲಿ, ಆರ್ಥಿಕ ಸ್ಥಿತಿ ಹಿಂದುಳಿದದ್ದು, ಕಾರಣ ಕೆಟ್ಟ ಸಹವಾಸ, ಶಿಫಾರಸು ಸಮಾಲೋಚನೆ. ಐದು ಸಾಲು, ಐದೂ ಯಾರ ಬಗ್ಗೆ ಬೇಕಾದರೂ ಬರೆಯಬಹುದಾದ ಸಾಲು.

ಕೆಲಸ ಬಲ್ಲವರ ವರದಿ ಬೇರೆ. ವೈರು ಕೊಂಡದ್ದು ಯಾವ ಗುಜರಿ ಅಂಗಡಿ ಎಂದು ಅವರು ಕೇಳುತ್ತಾರೆ. ಅಂಗಡಿಯವ ಓಣಿಯ ಹುಡುಗರಿಗೆ ಮುಂಗಡ ಹಣ ಕೊಟ್ಟು ಮಾಲು ತರಿಸಿಕೊಳ್ಳುತ್ತಾನೆ ಎಂಬುದು ಗೊತ್ತಾಗುತ್ತದೆ. ಅಲ್ಲಿಗೆ ಕೆಟ್ಟ ಸಹವಾಸ ಎಂಬುದಕ್ಕೆ ಒಂದು ವಿಳಾಸ ಸಿಕ್ಕಿತು. ಪೊಲೀಸರು ಹಿಡಿಯಬೇಕಾದ ದೊಡ್ಡವನೊಬ್ಬ ಸಿಕ್ಕ. ಹುಡುಗ ಊರಿನಲ್ಲಿ ಕನ್ನಡ ಮಾಧ್ಯಮದಲ್ಲಿ ಏಳನೆಯ ತರಗತಿ ಪಾಸಾಗಿ ಬಂದವನು, ಇಲ್ಲಿ ಅರ್ಥವಾಗದ ಮಾಧ್ಯಮದಲ್ಲಿ ಕುಳಿತು ಎರಡು ತಿಂಗಳಿಗೆ ಶಾಲೆ ಬಿಟ್ಟ ಎಂಬುದು ಹೊರಬರುತ್ತದೆ. ಗೋವಾದಲ್ಲಿ ಕನ್ನಡ ಮಾಧ್ಯಮದ ಶಾಲೆಗಳು ಬೆರಳೆಣಿಕೆಯವು. ಊರಿನ ಸೋದರಮಾವ ಇಟ್ಟುಕೊಳ್ಳಲು ತಯಾರಿದ್ದಾನೋ ಇಲ್ಲವೋ, ರಾಷ್ಟ್ರೀಯ ಮುಕ್ತ ಶಾಲೆಯ ಮೂಲಕ ಹತ್ತನೆಯ ಪರೀಕ್ಷೆ ಕಟ್ಟಬಹುದೋ, ಮಧ್ಯಾಹ್ನದಿಂದ ರಾತ್ರಿಯವರೆಗೆ ಖೋಲಿಯಲ್ಲಿ ಅವನ ಜೊತೆ ಯಾರೂ ಇಲ್ಲದಿದ್ದರೆ ಆ ಹೊತ್ತಿಗೆ ಏನು ಮಾಡಬೇಕು ಎಂಬುದೆಲ್ಲ ಸ್ಪಷ್ಟವಾಗುತ್ತದೆ. ಅದೇ ಹುಡುಗ, ಅದೇ ಬಡತನ. ಒಂದು ವರದಿ ಓದಿದ ಮಂಡಳಿಗೆ ಏನೂ ತಿಳಿಯುವುದಿಲ್ಲ, ಇನ್ನೊಂದನ್ನು ಓದಿದ ಮಂಡಳಿಗೆ ನಾಳೆ ಬೆಳಿಗ್ಗೆ ಏನು ಮಾಡಬೇಕೆಂದು ತಿಳಿಯುತ್ತದೆ.

ಮೂರನೆಯದು: ಕಳಕೊಂಡವರ ಗತಿ ಏನು? ಏಟು ತಿಂದವರ ಮನೆಗೆ ಯಾವ ಅಧಿಕಾರಿ ಹೋಗುತ್ತಾನೆ?

ಈ ಅಳಲು ನಿಜ. ಹೊಡೆತ ತಿಂದು ಹಾಸಿಗೆ ಹಿಡಿದವನ ಮನೆಯವರಿಗೆ ಕೇಸು ಎಲ್ಲಿಗೆ ಬಂತೆಂಬುದೂ ತಿಳಿಯುವುದಿಲ್ಲ. ಅವರಿಗೆ ಮಾಹಿತಿ ಸಿಗಬೇಕು, ಪರಿಹಾರ ಸಿಗಬೇಕು. ಅದಕ್ಕೆ ಹೋರಾಡುವವರ ಜೊತೆ ನಾನಿದ್ದೇನೆ. ಆದರೆ ಹುಡುಗನ ಬಗ್ಗೆ ಏನೂ ತಿಳಿಯದೆ ಆದೇಶ ಬರೆದರೆ ಅವರಿಗೆ ಬರುವ ಲಾಭ ಒಂದೂ ಇಲ್ಲ. ಅದೇ ಹುಡುಗ ಅದೇ ಗುಜರಿ ಅಂಗಡಿಯ ಕೈಗೆ ಮತ್ತೆ ಸಿಕ್ಕರೆ ಮುಂದಿನ ನಷ್ಟವೂ ಯಾರೋ ಒಬ್ಬರದೇ.

ನಾಲ್ಕನೆಯ ಆಕ್ಷೇಪ ವಕೀಲರದು. ಇದು ಎಲ್ಲಕ್ಕಿಂತ ಗಟ್ಟಿಯಾದದ್ದು. ವಿಚಾರಣೆ ಇನ್ನೂ ಶುರುವಾಗಿರುವುದಿಲ್ಲ, ತಪ್ಪು ಸಾಬೀತಾಗಿರುವುದಿಲ್ಲ, ಹದಿನೈದು ದಿನದೊಳಗೆ ಅಪರಾಧಕ್ಕೆ ಕಾರಣವೇನೆಂದು ಬರೆಯಿರಿ ಎಂದರೆ ಅಪರಾಧ ನಡೆದಿದೆ ಎಂದು ಮೊದಲೇ ಒಪ್ಪಿಕೊಂಡಂತಲ್ಲವೇ? ಅಧಿಕಾರಿಯ ಮುಂದೆ ಹುಡುಗ ಮನಸ್ಸು ಬಿಚ್ಚಿ ಹೇಳಿದ್ದು ತಪ್ಪೊಪ್ಪಿಗೆಯಾಗಿ ಕಡತ ಸೇರುವುದಿಲ್ಲವೇ?

ಸೇರುವ ಅಪಾಯವಿದೆ. ಕಾಯ್ದೆಯ ಮೂರನೆಯ ಕಲಂ ಹೇಳುವ ತತ್ವಗಳಲ್ಲಿ ಮೊದಲನೆಯದೇ ಮಗು ನಿರಪರಾಧಿ ಎಂಬ ಗ್ರಹಿಕೆ. ಎಂಟನೆಯ ಕಲಂ ಕೂಡ ಆರೋಪಿತ ಅಪರಾಧ ಎಂದೇ ಬರೆದಿದೆ. ಹಾಗಾಗಿ ವರದಿ ಬರೆಯುವವರು ಒಂದು ಶಿಸ್ತು ಪಾಲಿಸಲೇಬೇಕು. ಆ ರಾತ್ರಿ ನೀನು ಏನು ಮಾಡಿದೆ ಎಂದು ಕೇಳುವ ಕೆಲಸ ಅವರದಲ್ಲ. ಆ ದಿನಗಳಲ್ಲಿ ಮನೆಯಲ್ಲಿ ಏನು ನಡೆದಿತ್ತು, ಯಾರು ಇದ್ದರು, ಯಾರು ಇರಲಿಲ್ಲ ಎಂದು ಕೇಳಬೇಕು. ಹುಡುಗ ತಾನಾಗಿಯೇ ಹೇಳಿಕೊಂಡರೂ ಅದನ್ನು ಒಪ್ಪಿಗೆಯೆಂದು ದಾಖಲಿಸಬಾರದು. ಯಾರು ಹೇಳಿದ್ದು, ಅಧಿಕಾರಿ ಕಣ್ಣಾರೆ ಕಂಡದ್ದು ಯಾವುದು, ಅವರ ಅಭಿಪ್ರಾಯ ಯಾವುದು ಎಂದು ಮೂರನ್ನೂ ಬೇರೆ ಬೇರೆ ಬರೆಯಬೇಕು. ವಿಶ್ವಸಂಸ್ಥೆಯ 1985ರ ಬೀಜಿಂಗ್ ನಿಯಮಗಳ ಹದಿನಾರನೆಯ ನಿಯಮ ಸಾಮಾಜಿಕ ವರದಿಯನ್ನು ಕಡ್ಡಾಯ ಮಾಡಿದ್ದು ಕೊನೆಯ ತೀರ್ಮಾನಕ್ಕೆ ಮುಂಚೆ, ಸಣ್ಣಪುಟ್ಟ ಅಪರಾಧಗಳನ್ನು ಬಿಟ್ಟು. ನಮ್ಮ ಕಾಯ್ದೆ ಅದನ್ನು ಮೊದಲ ಹದಿನೈದು ದಿನಕ್ಕೇ ತಂದಿದೆ, ಏಕೆಂದರೆ ಹುಡುಗನನ್ನು ಮನೆಗೆ ಬಿಡಬೇಕೋ ವೀಕ್ಷಣಾಲಯದಲ್ಲಿ ಇರಿಸಬೇಕೋ ಎಂಬ ಪ್ರಶ್ನೆ ಮೊದಲೇ ಬರುತ್ತದೆ. ನನ್ನ ಅಭಿಪ್ರಾಯದಲ್ಲಿ ಆದೇಶದ ಹಂತಕ್ಕೆ ಬಂದಾಗ ಅದೇ ವರದಿಯನ್ನು ಮತ್ತೆ ಪರಿಶೀಲಿಸಿ, ನಡುವಿನ ತಿಂಗಳುಗಳಲ್ಲಿ ಏನು ಬದಲಾಯಿತು ಎಂದು ಸೇರಿಸಬೇಕು. ನಾಲ್ಕು ತಿಂಗಳ ಹಿಂದಿನ ಮನೆಯನ್ನು ನೋಡಿ ಇವತ್ತಿನ ಹುಡುಗನ ಬಗ್ಗೆ ತೀರ್ಮಾನಿಸಬಾರದು.

ಐದನೆಯದು: ಸಣ್ಣ ಕಳವಿಗೆ ವರದಿ ಇರಲಿ, ಕೊಲೆ ಅತ್ಯಾಚಾರಕ್ಕೆ ಎಂಥ ವರದಿ?

ಉತ್ತರ ನೇರವಾಗಿದೆ. ಅಲ್ಲಿಯೇ ವರದಿ ಅತಿ ಹೆಚ್ಚು ಬೇಕು. 2012ರ ದೆಹಲಿ ಸಾಮೂಹಿಕ ಅತ್ಯಾಚಾರ ಪ್ರಕರಣದ ಆಕ್ರೋಶದ ನಂತರ ಬಂದ ಈ ಕಾಯ್ದೆ, ಘೋರ ಅಪರಾಧದ ಆರೋಪ ಹೊತ್ತ ಹದಿನಾರು ದಾಟಿದ ಮಕ್ಕಳನ್ನು ವಯಸ್ಕರಂತೆ ವಿಚಾರಿಸಬಹುದೋ ಎಂದು ಪ್ರಾಥಮಿಕವಾಗಿ ಅಳೆಯಲು ಮಂಡಳಿಗೆ ಹದಿನೈದನೆಯ ಕಲಂ ಅಡಿ ಅಧಿಕಾರ ಕೊಟ್ಟಿತು. ಹುಡುಗನ ಮಾನಸಿಕ ಮತ್ತು ದೈಹಿಕ ಸಾಮರ್ಥ್ಯ, ಪರಿಣಾಮ ಅರಿಯುವ ಶಕ್ತಿ, ಕೃತ್ಯ ನಡೆಯಿತು ಎನ್ನಲಾದ ಸಂದರ್ಭ ಇವೆಲ್ಲ ಗೊತ್ತಿಲ್ಲದೆ ಅಳೆಯುವುದು ಯಾವುದರಿಂದ? ಗುರುಗ್ರಾಮದ ಶಾಲೆಯೊಂದರಲ್ಲಿ 2017ರಲ್ಲಿ ನಡೆದ ಕೊಲೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2022ರ ಜುಲೈನಲ್ಲಿ ಇದನ್ನೇ ಒತ್ತಿ ಹೇಳಿತು. ಇದು ನಾಜೂಕಾದ ಕೆಲಸ, ಮಕ್ಕಳ ಮನಶ್ಶಾಸ್ತ್ರ ಬಲ್ಲ ಸದಸ್ಯರು ಮಂಡಳಿಯಲ್ಲಿ ಇಲ್ಲದಿದ್ದರೆ ಪರಿಣತರ ನೆರವು ಪಡೆಯಲೇಬೇಕು ಎಂದಿತು. ಪರಿಶೀಲನೆಯನ್ನು ಹೊಸದಾಗಿ ನಡೆಸಬೇಕೆಂಬ ಹೈಕೋರ್ಟಿನ ಆದೇಶವನ್ನು ಎತ್ತಿಹಿಡಿಯಿತು. ಒಬ್ಬ ಹುಡುಗನನ್ನು ವಯಸ್ಕರ ಸಾಲಿಗೆ ಸೇರಿಸುವ ತೀರ್ಮಾನವನ್ನು ಅರೆಬರೆ ಕಾಗದದ ಮೇಲೆ ಕೈಗೊಂಡರೆ ಮೇಲಿನ ನ್ಯಾಯಾಲಯಗಳಲ್ಲಿ ಅದು ಬಿದ್ದುಹೋಗುತ್ತದೆ, ವರ್ಷಗಟ್ಟಲೆ ಎಳೆಯುತ್ತದೆ. ಸತ್ತವರ ಮನೆಯವರೂ ಅಷ್ಟೇ ವರ್ಷ ಕಾಯುತ್ತಾರೆ. ಬೇಗ ನ್ಯಾಯ ಬೇಕೆನ್ನುವವರು ಮೊದಲು ಕೇಳಬೇಕಾದದ್ದು ಒಳ್ಳೆಯ ವರದಿಯನ್ನು.

ಆರನೆಯದು: ವರದಿಗಳೆಲ್ಲ ಒಂದೇ ಅಚ್ಚಿನವು, ಹೆಸರು ಬದಲಿಸಿ ಅಂಟಿಸುತ್ತಾರೆ.

ಹಾಗೆ ಬರೆಯುವವರು ಇದ್ದಾರೆ, ಅಲ್ಲಗಳೆಯುವುದಿಲ್ಲ. 2016ರ ಮಾದರಿ ನಿಯಮಗಳ ಆರನೆಯ ನಮೂನೆ ಉದ್ದವಾಗಿದೆ. ಅಂಕಣ ತುಂಬಿಸಿದರೆ ಕೆಲಸ ಮುಗಿಯಿತು ಎನಿಸುವಂತಿದೆ. ಕೇಂದ್ರದ ಯೋಜನೆಯಲ್ಲಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಇರುವುದು ಒಬ್ಬ ಕಾನೂನು ಮತ್ತು ಪರಿವೀಕ್ಷಣಾಧಿಕಾರಿಯ ಹುದ್ದೆ. ಅದೂ ಸಾಮಾನ್ಯವಾಗಿ ಗುತ್ತಿಗೆಯದು. ಆ ಒಬ್ಬರ ಮೇಲೆ ಜಿಲ್ಲೆಯ ಎಲ್ಲ ಮಕ್ಕಳನ್ನೂ ಹೊರಿಸಿ, ಹದಿನೈದು ದಿನದ ಗಡುವು ಕೊಟ್ಟು, ಆಮೇಲೆ ಅಂಟಿಸಿದ ವರದಿ ಎಂದು ಬೈಯುವುದು ನ್ಯಾಯವಲ್ಲ. ಆಸ್ಪತ್ರೆಯಲ್ಲಿ ರಕ್ತಪರೀಕ್ಷೆ ಕೆಟ್ಟದಾಗಿ ಮಾಡಿದರೆ ಪರೀಕ್ಷೆಯನ್ನೇ ನಿಲ್ಲಿಸಿ ಎಂದು ಯಾರೂ ಹೇಳುವುದಿಲ್ಲ. ಜನ ಹೆಚ್ಚಿಸಿ, ಕಾಯಂ ಮಾಡಿ, ಓಡಾಟದ ಖರ್ಚು ಕೊಡಿ ಎಂದು ಕೇಳಬೇಕು. ಮಂಡಳಿಗೂ ಒಂದು ಹೊಣೆ ಇದೆ. ಸಮಾಲೋಚನೆ ಕೊಡಬಹುದು ಎಂದಷ್ಟೇ ಬರೆದ ಶಿಫಾರಸನ್ನು ಮರಳಿಸಬೇಕು. ಯಾರು ಕೊಡುತ್ತಾರೆ, ಎಲ್ಲಿ, ಯಾವ ವಾರದಿಂದ, ಯಾವ ಭಾಷೆಯಲ್ಲಿ ಎಂದು ಕೇಳಬೇಕು. ಎರಡು ಸಲ ಮರಳಿಸಿದರೆ ಮೂರನೆಯ ಸಲ ಬರೆಯುವವರು ಮನೆಗೆ ಹೋಗಿ ಬರೆಯುತ್ತಾರೆ.

ಯಾವ ಭಾಷೆಯಲ್ಲಿ ಎಂಬ ಪ್ರಶ್ನೆ ಏಳನೆಯ ಆಕ್ಷೇಪಕ್ಕೆ ಕರೆದೊಯ್ಯುತ್ತದೆ. ಅದನ್ನು ಬಾಯಿಬಿಟ್ಟು ಹೇಳುವವರು ಕಡಿಮೆ, ನಂಬಿ ನಡೆಯುವವರು ಹೆಚ್ಚು: ಘಾಟಿ ಜನ ಇವರು, ಇಂದು ಇಲ್ಲಿ ನಾಳೆ ಎಲ್ಲೋ, ಇವರ ಮನೆಯಲ್ಲಿ ತನಿಖೆ ಮಾಡಲು ಏನಿದೆ, ಊರಿಗೆ ಅಟ್ಟಿಬಿಡಿ.

ಗೋವಾ ಮಕ್ಕಳ ವಿಷಯದಲ್ಲಿ ಕಣ್ಣು ತೆರೆದ ರಾಜ್ಯ. ಮಕ್ಕಳ ಮೇಲಿನ ದೌರ್ಜನ್ಯದ ದೊಡ್ಡ ಪ್ರಕರಣ ಕಂಡು ತಲ್ಲಣಿಸಿ, 2003ರಲ್ಲೇ ತನ್ನದೇ ಮಕ್ಕಳ ಕಾಯ್ದೆ ತಂದಿತು, ಪಣಜಿಯಲ್ಲಿ ಮಕ್ಕಳ ನ್ಯಾಯಾಲಯ ಸ್ಥಾಪಿಸಿತು. ನೊಂದ ಮಗುವಿಗೆ ತೋರಿದ ಆ ಕಾಳಜಿ, ತಪ್ಪು ಮಾಡಿದ ಆರೋಪ ಹೊತ್ತ ಮಗುವಿಗೂ ಸಲ್ಲಬೇಕು. ಅದರ ತಾಯ್ನುಡಿ ಕನ್ನಡವಾದರೂ ಸಲ್ಲಬೇಕು. ಇಂದು ಇಲ್ಲಿ ನಾಳೆ ಎಲ್ಲೋ ಎಂಬ ಮಾತಿಗೆ ಬಂದರೆ, 2004ರ ಮಳೆಗಾಲದಲ್ಲಿ ವಾಸ್ಕೋದ ಬೈನಾ ದಂಡೆಯ ಮನೆಗಳನ್ನು ಕೆಡವಿದಾಗ ಬೀದಿಗೆ ಬಿದ್ದವರಲ್ಲಿ ಕನ್ನಡ ಕುಟುಂಬಗಳು ಎಷ್ಟೋ. ಅಂದು ಎಳೆಯರಾಗಿದ್ದವರು ಇಂದು ತಾಯ್ತಂದೆಯರು. ವಿಳಾಸ ನಿಲ್ಲದಂತೆ ಮಾಡಿ, ವಿಳಾಸ ನಿಲ್ಲುವುದಿಲ್ಲ ಎಂದು ದೂರುವುದು ಸರಿಯಲ್ಲ. ನಿಜವಾಗಿಯೂ ಹುಡುಗನಿಗೆ ಊರೇ ಒಳ್ಳೆಯದು ಎನಿಸಿದರೆ 95ನೆಯ ಕಲಂ ದಾರಿ ಕೊಟ್ಟಿದೆ, ಆದರೆ ಅಲ್ಲಿಯೂ ವಿಚಾರಣೆ ಮಾಡಿ, ಊರಿನ ಜಿಲ್ಲೆಯ ಮಂಡಳಿಯ ಜೊತೆ ಮಾತಾಡಿ, ಮಗುವಿನ ಹಿತ ನೋಡಿ ಕಳಿಸಬೇಕು. ಗದಗಿನ ಮಕ್ಕಳ ರಕ್ಷಣಾ ಘಟಕಕ್ಕೆ ಒಂದು ಪತ್ರ, ಊರಿನ ಮನೆಯ ಭೇಟಿಯ ಒಂದು ಟಿಪ್ಪಣಿ ಇಲ್ಲದೆ ಬಸ್ಸು ಹತ್ತಿಸುವುದು ಪುನರ್ವಸತಿ ಅಲ್ಲ.

ಈಗ ಬಾಗಿಲಲ್ಲಿ ನಡೆಯುವುದನ್ನು ನೋಡಿ. ಅಧಿಕಾರಿಗೆ ಕೊಂಕಣಿ, ಮರಾಠಿ, ಹಿಂದಿ ಬರುತ್ತದೆ. ಅವ್ವನಿಗೆ ಬರುವುದು ಕನ್ನಡ ಮತ್ತು ಸಂತೆಯ ಹಿಂದಿ. ಎಷ್ಟೋ ಮನೆಗಳಲ್ಲಿ ಒಳಗಿನ ಮಾತು ಲಂಬಾಣಿ. ನಡುವೆ ನಿಂತು ಹೇಳುವವರು ಯಾರು? ಪಕ್ಕದ ಮನೆಯ ಹುಡುಗ, ಇಲ್ಲವೇ ಚಾಳಿನ ಮಾಲೀಕ, ಇಲ್ಲವೇ ಜೊತೆಗೆ ಬಂದ ಪೊಲೀಸ್ ಪೇದೆ. ಬಾಡಿಗೆ ಬಾಕಿ ಇರುವಾಗ ಮಾಲೀಕನ ಎದುರು ಯಾವ ತಾಯಿ ಮನೆಯ ಕಷ್ಟ ಬಿಚ್ಚುತ್ತಾಳೆ? ಅಪ್ಪ ಕುಡಿದು ಹೊಡೆಯುತ್ತಾನೆ ಎಂಬುದನ್ನು ಪೇದೆಯ ಎದುರು ಯಾವ ತಂಗಿ ಹೇಳುತ್ತಾಳೆ? "ಅಂವ ನನ್ನ ಮಾತ ಎಲ್ಲಿ ಕೇಳ್ತಾನ್ರೀ, ಸಾಕಾಗಿ ಹೋಗೇತಿ ನನಗ" ಎಂದು ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡರೆ, ಪರರ ಮುಂದೆ ತಲೆ ತಗ್ಗಿದ ತಾಯಿಯ ಸಂಕಟ ಅದು ಎಂದು ಕನ್ನಡ ಬಲ್ಲವರಿಗೆ ಕೂಡಲೇ ತಿಳಿಯುತ್ತದೆ. ಕಡತದಲ್ಲಿ ಅದು ಹುಡುಗ ಹೆತ್ತವರ ಹಿಡಿತದಲ್ಲಿಲ್ಲ ಎಂದು ಕೂರುತ್ತದೆ. ಆ ಒಂದು ಸಾಲು ಅವನನ್ನು ತಿಂಗಳುಗಟ್ಟಲೆ ಮನೆಯಿಂದ ದೂರ ಇಡಬಲ್ಲದು. ವಾಸ್ಕೋದಿಂದ ಮೆರ್ಸೆಸ್‌ನ ವೀಕ್ಷಣಾಲಯ ಅಪ್ನಾ ಘರ್‌ಗೆ ಮಗನನ್ನು ನೋಡಲು ಹೋಗುವುದೆಂದರೆ ಆ ತಾಯಿಗೆ ಒಂದು ದಿನದ ಕೂಲಿ ಹೋದಂತೆಯೇ.

ಕಾಯ್ದೆಯ ಎಂಟನೆಯ ಕಲಂ ಮಂಡಳಿಯ ಕಲಾಪದ ಭಾಷೆ ಮಗುವಿಗೆ ತಿಳಿಯದಿದ್ದರೆ ದುಭಾಷಿ ಕೊಡಬೇಕು, ಅವರಿಗೆ ಶುಲ್ಕ ಕೊಡಬೇಕು ಎನ್ನುತ್ತದೆ. ಒಳ್ಳೆಯದು. ಆದರೆ ಗಮನಿಸಿ: ಅದು ಮಂಡಳಿಯ ಕೋಣೆಯ ಮಾತು, ಮಗುವಿನ ಮಾತು. ವರದಿ ಹುಟ್ಟುವುದು ಖೋಲಿಯ ಬಾಗಿಲಲ್ಲಿ, ತಾಯ್ತಂದೆಯರ ಬಾಯಲ್ಲಿ. ಅಲ್ಲಿಗೆ ದುಭಾಷಿ ಬರಬೇಕೆಂದು ಆ ಕಲಂ ಬಾಯಿಬಿಟ್ಟು ಹೇಳುವುದಿಲ್ಲ. ದುಭಾಷಿ ಇಲ್ಲದೆ ಮಾಡಿದ ಮನೆಭೇಟಿಯನ್ನು ಮನೆಭೇಟಿ ಎಂದೇ ಎಣಿಸಬಾರದು ಎಂದು ಗೋವಾ ಸರ್ಕಾರ ನಿಯಮ ಮಾಡಬೇಕು. ಕೆನಡಾದಲ್ಲಿ ಸುಪ್ರೀಂ ಕೋರ್ಟು 1999ರಲ್ಲಿ ಗ್ಲಾಡೂ ಪ್ರಕರಣದಲ್ಲಿ ಮೂಲನಿವಾಸಿಗಳಿಗೆ ಶಿಕ್ಷೆ ವಿಧಿಸುವಾಗ ಅವರ ಸಮುದಾಯದ ಹಿನ್ನೆಲೆಯನ್ನು ನೋಡಲೇಬೇಕು ಎಂದ ಮೇಲೆ, ಆ ಸಮುದಾಯಗಳನ್ನು ಬಲ್ಲವರು ವರದಿ ಬರೆಯುವ ಪದ್ಧತಿ ಬೆಳೆಯಿತು. ಅವರ ಇತಿಹಾಸ ಬೇರೆ, ನೋವು ಬೇರೆ; ಆದರೆ ಮನೆಯವರ ಮಾತು ತಿಳಿಯದವರು ಮನೆಯ ಬಗ್ಗೆ ಬರೆಯಬಾರದು ಎಂಬ ವಿವೇಕ ಎಲ್ಲ ಕಡೆಗೂ ಒಂದೇ.

ಗೌಪ್ಯತೆಯ ಬಗ್ಗೆ ಹೆಚ್ಚು ಬೇಡ. ವರದಿಯನ್ನು ಪತ್ರಿಕೆಗೆ ಕೊಡಿ, ಜನ ತೀರ್ಮಾನಿಸಲಿ ಎನ್ನುವವರಿಗೆ ಕಾಯ್ದೆಯ 74 ಮತ್ತು 99ನೆಯ ಕಲಂಗಳೇ ಉತ್ತರ: ಮಗುವಿನ ಗುರುತು ಹೊರಬೀಳಬಾರದು, ವರದಿ ಗೋಪ್ಯ. ಆದರೆ ಅದೇ 99ನೆಯ ಕಲಂ ವರದಿಯ ಸಾರವನ್ನು ಮಗುವಿಗೂ ಹೆತ್ತವರಿಗೂ ತಿಳಿಸಿ, ಅದಕ್ಕೆ ಪ್ರತಿಯಾಗಿ ಸಾಕ್ಷ್ಯ ಒದಗಿಸುವ ಅವಕಾಶ ಕೊಡಬಹುದು ಎಂದೂ ಹೇಳಿದೆ. ಆ ಸಾರ ಕನ್ನಡದಲ್ಲಿ ಸಿಗಬೇಕು. ತನ್ನ ಬಗ್ಗೆ ಏನು ಬರೆದಿದೆ ಎಂದು ತಿಳಿಯದವಳು ಅದು ತಪ್ಪು ಎಂದು ಹೇಳುವುದು ಹೇಗೆ?

ಕೊನೆಯ ಆಕ್ಷೇಪ ನಮ್ಮವರದೇ. ಮನೆ ಗುಟ್ಟು ಸರ್ಕಾರದವರ ಮುಂದೆ ಬಿಚ್ಚಬೇಡಿ, ಜಾಮೀನು ಕೊಡಿಸಿ ರಾತ್ರೋರಾತ್ರಿ ಊರಿಗೆ ಕಳಿಸಿಬಿಡಿ, ಇಲ್ಲವಾದರೆ ಇಲ್ಲಿರುವ ಎಲ್ಲ ಕನ್ನಡಿಗರಿಗೂ ಕೆಟ್ಟ ಹೆಸರು ಎಂದು ಓಣಿಯ ಹಿರಿಯರು ಹೇಳುತ್ತಾರೆ. ಅವರ ಭಯ ನನಗೆ ಅರ್ಥವಾಗುತ್ತದೆ. ಕೆಟ್ಟ ಹೆಸರು ಬಂದಾಗ ಬಾಡಿಗೆ ಮನೆ ಸಿಗುವುದಿಲ್ಲ, ಕೆಲಸ ಸಿಗುವುದಿಲ್ಲ. ಆದರೆ ನಾವು ಬಾಯಿ ಮುಚ್ಚಿಕೊಂಡರೆ ವರದಿ ನಿಲ್ಲುವುದಿಲ್ಲ. ಅದನ್ನು ಮಾಲೀಕ ಬರೆಸುತ್ತಾನೆ, ಪೇದೆ ಬರೆಸುತ್ತಾನೆ. ಊರಿಗೆ ಓಡಿಸಿದ ಹುಡುಗನ ಕೇಸು ಇಲ್ಲಿ ತೆರೆದೇ ಇರುತ್ತದೆ. ಕರೆದಾಗ ಬಾರದಿದ್ದರೆ ಅವನ ಬಗ್ಗೆ ನಡೆಯುವ ತೀರ್ಮಾನ ಇನ್ನೂ ಕಠಿಣವಾಗುತ್ತದೆ. ನೇರವಾಗಿ ಎದುರಿಸಿ ಮಂಡಳಿಯ ಆದೇಶ ಪಾಲಿಸಿ ಮುಗಿಸಿದ ಮಗುವಿಗಾದರೋ, ಆ ಕಾರಣಕ್ಕೆ ಮುಂದೆ ಯಾವ ಅನರ್ಹತೆಯೂ ಅಂಟಬಾರದು ಎಂದು 24ನೆಯ ಕಲಂ ಹೇಳುತ್ತದೆ. ವಯಸ್ಕರಂತೆ ವಿಚಾರಣೆಗೊಳಗಾಗಿ ತಪ್ಪಿತಸ್ಥರೆನಿಸಿದ ಹದಿನಾರು ದಾಟಿದವರಿಗೆ ಮಾತ್ರ ಈ ರಕ್ಷಣೆ ಇಲ್ಲ.

ಗೋವಾದಲ್ಲಿ ಕನ್ನಡ ಸಂಘಗಳಿವೆ. ರಾಜ್ಯೋತ್ಸವ ಮಾಡುತ್ತವೆ, ಬಸವ ಜಯಂತಿ ಮಾಡುತ್ತವೆ, ಊರಿನಿಂದ ಕಲಾವಿದರನ್ನು ಕರೆಸುತ್ತವೆ. ಅವರಲ್ಲಿ ನನ್ನ ಕೋರಿಕೆ ಇದು. ಕನ್ನಡವೂ ಕೊಂಕಣಿಯೂ ಚೆನ್ನಾಗಿ ಬಲ್ಲ ನಿವೃತ್ತ ಶಿಕ್ಷಕರು, ನರ್ಸುಗಳು, ಬ್ಯಾಂಕಿನವರು ನಿಮ್ಮಲ್ಲಿದ್ದಾರೆ. ಲಂಬಾಣಿ ಬಲ್ಲವರೂ ಇದ್ದಾರೆ. ಅವರ ಹೆಸರುಗಳ ಪಟ್ಟಿ ಮಾಡಿ ಬಾಲನ್ಯಾಯ ಮಂಡಳಿಗೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೂ ಕೊಡಿ. ಮನೆಭೇಟಿಗೆ ದುಭಾಷಿಗಳಾಗಿ ಕರೆಯಿರಿ, ಗುಟ್ಟು ಕಾಪಾಡುವ ಹೊಣೆ ನಮ್ಮದು ಎಂದು ಬರೆದುಕೊಡಿ. ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ರಾಜ್ಯೋತ್ಸವದ ಖರ್ಚಿನ ವಿಷಯಕ್ಕಿಂತ ಮೊದಲು ಇದನ್ನು ತೆಗೆದುಕೊಳ್ಳಿ.